ಎರಡೂ ಕೈ

ಎಡಗೈಯಲ್ಲಿ ಹಲ್ಲುಜ್ಜಿಕೊಳ್ಳುತ್ತಿದ್ದ ಹೆಂಡತಿಯ ಬೆನ್ನನ್ನೇ ನೋಡುತ್ತ ಅವನು ಬಚ್ಚಲಮನೆಯ ಹೊರಗೆ ನಿಂತಿದ್ದ. ಅವಳ ಬಲಗೈಯ ಬೆರಳುಗಳ ನಡುವೆ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಮೇಲೆ ಬಟ್ಟೆ ಸುತ್ತಿ, ಮೂಳೆ ಡಾಕ್ಟರು ಆ ಕೈಯನ್ನೊಂದು ಬಿಳಿ ಗಂಟು ಮಾಡಿಬಿಟ್ಟಿದ್ದರು. ನೀರು ತಾಗದಿರಲೆಂದು ಅವಳು ಅದನ್ನು ಕಿವಿಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು, ಉತ್ತರ ಗೊತ್ತಿರುವ ಹುಡುಗಿ ಕ್ಲಾಸಿನಲ್ಲಿ ಎತ್ತುವ ಹಾಗೆ. ಬ್ರಷ್ಷು ಜಾರಿ ಬೇಸಿನ್ನಿಗೆ ಬಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟ. "ಬೇಡ, ನಾನೇ ತಗೋತೀನಿ," ಅಂದಳು, ತಿರುಗದೆ. ಬಾಯಿ ಮುಕ್ಕಳಿಸಿ, "ಸಂಜೆ ಪಟ್ಟಿ ಬಿಚ್ಚಿ ನೋಡ್ತಾರಂತೆ. ಬರ್ತೀರಾ, ಇಲ್ಲಾ ನಾನೊಬ್ಳೇ ಹೋಗ್ಲಾ?" ಅಂದಳು. "ಬರ್ತೀನಿ. ಯಾಕೆ ಬರಲ್ಲ?" ಕೊನೆಯ ಮಾತು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅವಳ ಹೆಗಲು ಚೂರೇ ಚೂರು ಕುಗ್ಗಿತು. ಅದು ಅವನ ಮೈ ಉರಿಸಿತು. ಆ ಹೆಗಲನ್ನು ಹಿಡಿದು ಅಲ್ಲಾಡಿಸಿ, ನಾನೇನು ರಾಕ್ಷಸನೇನೇ, ಏನು ಮಾಡಿದೆ ಅಂಥದ್ದು, ಎಂದು ಕೇಳಬೇಕೆನ್ನಿಸಿತು; ಹಿಡಿದು ಅಲ್ಲಾಡಿಸಿದರೆ ಉತ್ತರ ಕೊಟ್ಟಂತೆಯೇ ಆಗುತ್ತದೆಂದು ತಿಳಿದು ಇನ್ನಷ್ಟು ಉರಿಯಿತು. ಏನು ಮಾಡಿದ್ದ? ಜಗಳ ನಡೆಯುತ್ತಿತ್ತು. ರೂಮಿನಿಂದ ಹೊರಗೆ ಹೋಗುವವನು ಬಾಗಿಲು ಎಳೆದುಕೊಂಡ. ಅವಳ ಬೆರಳು ಸಂದಿನಲ್ಲಿತ್ತು. ನೋಡಲಿಲ್ಲ. ಅಷ್ಟೆ. ಡಾಕ್ಟರು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ್ದ, "ಗಾಳಿಗೆ ಬಾಗಿಲು ಬಡೀತು ಡಾಕ್ಟ್ರೇ." ಅವಳು ಅಲ್ಲವೆನ್ನಲಿಲ್ಲ. ಆ ದಿನದಿಂದ ಮನೆಯಲ್ಲಿ ಎಲ್ಲರ ಪಾಲಿಗೂ ಅದು ಗಾಳಿಯ ಕೆಲಸ. ಅವನ ಅಪ್ಪ ಒದ್ದೆ ಟವೆಲ್ಲನ್ನು ಹಗ್ಗದ ಹಾಗೆ ಹೊಸೆದು ಬಾರಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಪಕ್ಕದ ಮನೆಯವರಿಗೆ, "ಏನಿಲ್ಲ, ಅವರು ಮಗನಿಗೆ ಬುದ್ಧಿ ಹೇಳ್ತಿದಾರೆ," ಅನ್ನುತ್ತಿದ್ದಳು. ಬುದ್ಧಿ ಹೇಳುವುದು ಎಂದ ಮೇಲೆ ಕೇಳಿದವರಿಗೆ ಬೆನ್ನ ಮೇಲಿನ ಬಾಸುಂಡೆ ಕಾಣುತ್ತಿರಲಿಲ್ಲ. ಹೆಸರಿಟ್ಟರೆ ಎಂಥದ್ದೂ ಓದಿಸಿಕೊಂಡು ಹೋಗುತ್ತದೆ.

ಅವನ ಉದ್ಯೋಗವೂ ಹೆಸರಿಡುವುದೇ. ಯಾರೋ ಎಂದೋ ಬರೆದ ಪ್ರೋಗ್ರಾಮು ಯಂತ್ರದ ಹೊಟ್ಟೆಯಲ್ಲಿ ಬರೀ ಅಂಕಿಗಳಾಗಿ ಕೂತಿರುತ್ತದೆ. ಬರೆದವರು ಸಿಗುವುದಿಲ್ಲ, ಅವರು ಬರೆದ ಮೂಲವೂ ಸಿಗುವುದಿಲ್ಲ. ಆ ಅಂಕಿಗಳನ್ನು ಡಿಸ್‌ಅಸೆಂಬ್ಲರ್ ಅನ್ನುವ ಸಾಫ್ಟ್‌ವೇರಿಗೆ ತಿನ್ನಿಸಿದರೆ ಅದು ತನಗೆ ತಿಳಿದ ಮಟ್ಟಿಗೆ ಓದುವ ಭಾಷೆಗೆ ತಿರುಗಿಸಿ ಕೊಡುತ್ತದೆ, ಆದರೆ ಹೆಸರಿಲ್ಲದೆ. 'ಮೊದಲಿನಿಂದ ಎಂಟು ಮನೆ ದಾಟು, ಅಲ್ಲಿ ಏನಿದೆ ನೋಡು, ಸೊನ್ನೆಯಲ್ಲದಿದ್ದರೆ ಮುಂದೆ ಹೋಗು' ಎಂದಿಷ್ಟೇ ಇರುತ್ತದೆ, ಪುಟಗಟ್ಟಲೆ. ಆ ಮನೆಯಲ್ಲಿ ದೀಪವೋ ಗುಂಡಿಯೋ ಯಾರಿಗೆ ಗೊತ್ತು. ಇವನು ಕೂತು ಸ್ಟ್ರಕ್ಚರು ಕಟ್ಟಬೇಕು. ಈ ಉದ್ದನೆಯ ಜಾಗ ನಿಜವಾಗಿ ಒಂದು ಕಪಾಟು, ಇದರಲ್ಲಿ ಇಷ್ಟಿಷ್ಟು ಅಗಲದ ಖಾನೆಗಳಿವೆ, ಈ ಖಾನೆಯ ಹೆಸರು ಇದು ಎಂದು ಸಾಫ್ಟ್‌ವೇರಿಗೆ ಹೇಳಿಕೊಡಬೇಕು. ಹೇಳಿ ಗುಂಡಿ ಒತ್ತಿದ ಕೂಡಲೆ ಪರದೆ ಒಮ್ಮೆ ಮಿಟುಕಿ, ಅಲ್ಲಿಯವರೆಗೆ ಗೊಣಗುತ್ತಿದ್ದ ಪುಟ ಬಾಯಿಬಿಟ್ಟು ಮಾತಾಡುತ್ತದೆ. ಆ ಒಂದು ಮಿಟುಕಿಗಾಗಿ ಅವನು ಊಟ ಬಿಟ್ಟು ಕೂತದ್ದುಂಟು. ಆಫೀಸಿನ ಉಳಿದವರ ಹಾಗೆ ಒಣ ಹೆಸರು ಇಡದೆ ಮನೆಮಾತಿನ ಹೆಸರುಗಳನ್ನೇ ಇಡುವುದು ಅವನ ಚಾಳಿ. ತಗಡಿನ ಕಾರ್ಖಾನೆಯಲ್ಲಿ ತಗಡನ್ನು ಅಚ್ಚಿಗೊತ್ತುವ ಪ್ರೆಸ್ಸು ಒಬ್ಬ ಆಪರೇಟರನ ಎಡಗೈಯನ್ನು ಮಣಿಕಟ್ಟಿನವರೆಗೆ ಜಜ್ಜಿದ ಪ್ರಕರಣದಲ್ಲೂ ಹಾಗೇ ಮಾಡಿದ್ದ. ಪ್ರೆಸ್ಸಿಗೆ ಎರಡು ಹಸಿರು ಗುಂಡಿಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸಿನ ತಲೆ ಕೆಳಗಿಳಿಯಬೇಕು. ಎರಡು ಕೈಯೂ ಗುಂಡಿಗಳ ಮೇಲಿದ್ದರೆ ಅಚ್ಚಿನೊಳಗೆ ಕೈ ಇರಲು ಸಾಧ್ಯವಿಲ್ಲ ಅನ್ನುವ ಲೆಕ್ಕ. ಎಡಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ ಒಂದೇ ಕೈಯಲ್ಲಿ ಕೆಲಸ ಮಾಡುತ್ತಿದ್ದ ಎನ್ನುತ್ತಾನೆ ಮಾಲೀಕ. ಸಿಕ್ಕಿಸಿರಲಿಲ್ಲ, ತಲೆ ತಾನಾಗಿ ಇಳಿದು ಬಂತು ಎನ್ನುತ್ತಾನೆ ಆಪರೇಟರ್. ಪ್ರೋಗ್ರಾಮಿನಲ್ಲಿ ಒಂದೇ ಗುಂಡಿಗೆ ಇಳಿಯುವ ದಾರಿ ಇದೆಯೋ ಇಲ್ಲವೋ, ಇವನು ಹೇಳಬೇಕು. ಗುಂಡಿಗಳ ಸುದ್ದಿ ಬಂದು ಕೂರುವ ಜಾಗವನ್ನು ಅವನು ಮೊದಲ ದಿನವೇ ಹಿಡಿದು, ಎರಡು ಬೈಟು, ಅಂದರೆ ಎರಡು ಮನೆ ಅಗಲದ ಒಂದೇ ಖಾನೆ ಮಾಡಿ, 'ಎರಡೂಕೈ' ಎಂದು ಹೆಸರಿಟ್ಟಿದ್ದ. ಪರದೆ ಮಿಟುಕಿ ಹೇಳಿತ್ತು: 'ಎರಡೂಕೈ ಇದ್ದರೆ, ಇಳಿ.' ಅದಕ್ಕಿಂತ ಸ್ಪಷ್ಟ ಇನ್ನೇನು ಬೇಕು. ಆ ಸಂಜೆ ಊಟಕ್ಕೆ ಕೂತಾಗ ಖುಷಿಯಲ್ಲಿ ಹೆಂಡತಿಗೆ ಹೇಳಿದ್ದ, ಆ ಆಪರೇಟರ್ ಹಸಿ ಸುಳ್ಳು ಹೇಳ್ತಿದಾನೆ, ಯಂತ್ರ ಸುಳ್ಳು ಹೇಳಲ್ಲ ಎಂದು. ಅವಳು ತಟ್ಟೆಯಿಂದ ತಲೆಯೆತ್ತದೆ, "ಆ ಮನುಷ್ಯನ್ನ ಒಂದು ಮಾತು ಕೇಳಿದ್ರಾ?" ಅಂದಿದ್ದಳು. ಅಲ್ಲಿಂದ ಶುರುವಾದ ಜಗಳವದು.

ಆ ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವನು ಫೋನಿನಲ್ಲಿ ಯಾರಿಗೋ ಕಿರುಚುತ್ತಿದ್ದ. ಅವನ ಬೋಳು ನೆತ್ತಿಯನ್ನು ಕಿಟಕಿಯ ಸರಳಿಗೆ ಬಡಿದರೆ ಎಂಥ ಸದ್ದು ಬರಬಹುದು ಎಂದು ಇವನು ಯೋಚಿಸಿದ, ಸಾವಧಾನವಾಗಿ. ಇಂಥ ಯೋಚನೆಗಳು ಅವನಿಗೆ ಹೊಸದಲ್ಲ. ರಸ್ತೆ ದಾಟುವವರು, ಲಿಫ್ಟಿನಲ್ಲಿ ಒತ್ತಿ ನಿಲ್ಲುವವರು, ಎಲ್ಲರನ್ನೂ ಅವನು ದಿನಕ್ಕೊಮ್ಮೆ ಮನಸ್ಸಿನಲ್ಲೇ ಹೊಡೆದು ಉರುಳಿಸಿ, ನಂತರ ಜಾಗ ಬಿಟ್ಟುಕೊಟ್ಟು ಮುಗುಳ್ನಗುತ್ತಿದ್ದ. ಎಲ್ಲರೂ ಅವನನ್ನು ಸಾಧು ಎನ್ನುತ್ತಾರೆ. ಅಪ್ಪನನ್ನೂ ಹೊರಗಿನವರು ಸಾಧು ಎಂದೇ ಅನ್ನುತ್ತಿದ್ದರು.

ಕಾರ್ಖಾನೆಯ ಶೆಡ್ಡಿನಲ್ಲಿ ಉಳಿದ ಯಂತ್ರಗಳು ಓಡುತ್ತಿದ್ದವು. ಆ ಒಂದು ಪ್ರೆಸ್ಸಿನ ಸುತ್ತ ಮಾತ್ರ ಹಗ್ಗ ಕಟ್ಟಿದ್ದರು. ನೆಲ ತೊಳೆದಿದ್ದರು, ಆದರೆ ಅಚ್ಚಿನ ಕೆಳಗಿನ ಬೋಲ್ಟಿನ ಸುತ್ತ ಕಪ್ಪಗೆ ಏನೋ ಒಣಗಿ ಅಂಟಿತ್ತು. ಎಣ್ಣೆ ಎಂದುಕೊಂಡ. ಕಾರ್ಖಾನೆಗಳ ಮೇಲುಸ್ತುವಾರಿಯ ಇಲಾಖೆಯಿಂದ ಬಂದಿದ್ದ ಹೆಂಗಸನ್ನು ಎಲ್ಲರೂ ಇನ್ಸ್‌ಪೆಕ್ಟರಮ್ಮ ಎನ್ನುತ್ತಿದ್ದರು. ಆಕೆ ಕುರ್ಚಿ ತರಿಸಿದರೂ ಕೂರದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಪ್ಪು ಆಪರೇಟರನದೆಂದಾದರೆ ಅವನಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ನಾಳೆ ಬೆಳಿಗ್ಗೆ ಹಗ್ಗ ಬಿಚ್ಚಿ ಇನ್ನೊಬ್ಬನನ್ನು ಆ ಸ್ಟೂಲಿನ ಮೇಲೆ ಕೂರಿಸುತ್ತಾರೆ. ಆಪರೇಟರ್ ತನ್ನ ಅಕ್ಕನ ಜೊತೆ ಬಂದಿದ್ದ. ಬಡಕಲು ಆಳು, ಮೂವತ್ತೂ ಆಗಿರಲಿಕ್ಕಿಲ್ಲ, ಅಂಗಿಯ ಎಡ ತೋಳನ್ನು ಮಡಚಿ ಪಿನ್ನು ಹಾಕಿತ್ತು. ಅವನ ಮೂಗಿನ ಮೇಲೆ ನೊಣ ಕೂತರೆ ಬಲಗೈ ಇದ್ದರೂ ಅಕ್ಕನೇ ಓಡಿಸುತ್ತಿದ್ದಳು. "ಇವರೇನಾ ಓದಿ ಹೇಳೋರು?" ಎಂದು ಆಕೆ ಇವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು. "ಪ್ರೆಸ್ಸಿನ ಹತ್ರ ಯಾವತ್ತೂ ನೋಡಿಲ್ವಲ್ಲ ಇವರನ್ನ?"

"ಅವರು ಬರೋ ಅಗತ್ಯ ಇಲ್ಲಮ್ಮ," ಅಂದ ಮಾಲೀಕ. "ಅವರದ್ದು ಪರದೆ ಮೇಲಿನ ಕೆಲಸ. ದೊಡ್ಡ ತಲೆ."

"ತಲೆ ದೊಡ್ಡದಿದ್ರೆ ಆಯ್ತಾ," ಅಂದಳು ಅಕ್ಕ, "ಇವನ ಕೈ ಹೋದ್ದು ಪರದೆ ಮೇಲಲ್ಲ." ಪಕ್ಕದ ಯಂತ್ರದವರು ಇಬ್ಬರು ಕಿಸಕ್ಕನೆ ನಕ್ಕರು. ಇವನ ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪನ್ನು ಡ್ರಮ್ಮಿನ ಮೇಲಿಟ್ಟು ತೆರೆದು, ಇನ್ಸ್‌ಪೆಕ್ಟರಮ್ಮನಿಗೆ ಮಾತ್ರ ಹೇಳುವವನ ಹಾಗೆ ಮೆಲ್ಲಗೆ, ಇಳಿಯುವ ದಾರಿ ಪ್ರೋಗ್ರಾಮಿನಲ್ಲಿ ಎರಡೇ ಇವೆ, ಮಾಮೂಲಿನದೊಂದು, ತಗಡು ಸಿಕ್ಕಿಹಾಕಿಕೊಂಡ ಮೇಲೆ ಮತ್ತೆ ಶುರುಮಾಡುವುದೊಂದು, ಎರಡರಲ್ಲೂ ಎರಡೂ ಕೈ ಬೇಕು ಎಂದ. ಬೆರಳಿಟ್ಟು ತೋರಿಸಿದ. ಎರಡೂಕೈ ಇದ್ದರೆ, ಇಳಿ. ಆಕೆ ಬಗ್ಗಿ ಓದಿದಳು. "ಈ ಎರಡೂಕೈ ಅನ್ನೋದನ್ನ ಬರೆದಿದ್ದು ಯಾರು? ಯಂತ್ರದಲ್ಲೇ ಇತ್ತಾ?" ಅಂದಳು. "ಇಲ್ಲ ಮೇಡಂ, ಹೆಸರು ನಾವು ಕೊಡ್ತೀವಿ. ಓದೋಕೆ ಅನುಕೂಲ ಆಗ್ಲಿ ಅಂತ." "ಓಹೋ," ಅಂದಳು ಆಕೆ, ಹೊಗಳಿದಳೋ ಚುಚ್ಚಿದಳೋ ತಿಳಿಯಲಿಲ್ಲ. ಮಾಲೀಕ ಹುರುಪಿನಿಂದ ಮುಂದೆ ಬಂದು, ಸ್ವಿಚ್ಚು ಹಾಕಿಸಿ, ಬಲಗುಂಡಿಯೊಂದನ್ನೇ ಒತ್ತಿ ಹಿಡಿದ. ಪ್ರೆಸ್ಸು ಮಿಸುಕಲಿಲ್ಲ. ಎಡಗುಂಡಿಯೊಂದನ್ನೇ ಒತ್ತಿದ. ಮಿಸುಕಲಿಲ್ಲ. ಎರಡನ್ನೂ ಒತ್ತಿದ. ತಲೆ ಧಡ್ ಎಂದು ಇಳಿದು, ಒಳಗಿಟ್ಟಿದ್ದ ತಗಡು ಬಟ್ಟಲಾಗಿ ಹೊರಗೆ ಬಿತ್ತು. ನೆಲ ಕಾಲಡಿಯಲ್ಲಿ ನಡುಗಿತು; ಆ ನಡುಕ ಇವನ ಹಲ್ಲಿನವರೆಗೂ ಏರಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಪರೇಟರ್ ಮಾತ್ರ ಆ ಬಟ್ಟಲಿನ ಅಂಚನ್ನು ಕೆಲಸದವನ ಕಣ್ಣಿನಿಂದ ನೋಡುತ್ತ ನಿಂತಿದ್ದ.

"ಹಿಂಗಲ್ಲ," ಅಂದ ಅವನು. ಅಷ್ಟುಹೊತ್ತಿಗೆ ಅವನ ಮೊದಲ ಮಾತು. "ತಗಡು ಸಿಕ್ಕಿಹಾಕ್ಕೋಬೇಕು ಸಾರ್. ಬಿಡಿಸೋಕೆ ಮುಂಚೆ ಹಳದಿ ಗುಂಡಿ ಒತ್ತಿ ತಲೆ ಮೇಲಕ್ಕೆ ಕಳಿಸ್ತೀವಿ. ಆಮೇಲೆ ಎಡಗೈ ಹಾಕಿ ತಗಡು ಎಳೀತೀವಿ. ಬಗ್ಗಿದಾಗ ಬಲಗೈ ಎಲ್ಲೋ ಊರಲೇಬೇಕಲ್ಲ. ಗುಂಡಿ ಮೇಲೆ ಊರಿದೆ. ಬಂತು." "ಈಗ ಹೊಸ ಕಥೆ," ಎಂದ ಮಾಲೀಕ. "ಇಂಜಿನಿಯರೇ, ಆ ದಾರಿ ನೋಡಿದೀರಿ ತಾನೆ?" ಇವನು ಪರದೆಯನ್ನು ನೋಡಿದ. ಎರಡನೆಯ ದಾರಿಯಲ್ಲಿ ಅದೇ ಸಾಲು, ಚೊಕ್ಕವಾಗಿ, ಅವನದೇ ಹೆಸರಿನಲ್ಲಿ. "ನೋಡಿದೀನಿ. ಅಲ್ಲೂ ಎರಡೂ ಕೈ ಕೇಳುತ್ತೆ. ಇವರು ಸುಳ್ಳು ಹೇಳ್ತಿದಾರೆ." ಅಕ್ಕ ಒಮ್ಮೆಲೇ ಅವನ ಕಡೆ ಬಂದಳು, ಹೊಡೆದೇಬಿಡುತ್ತಾಳೆ ಅನ್ನುವಷ್ಟು ಹತ್ತಿರ. "ಸುಳ್ಳಾ? ಹಂಗಾದ್ರೆ ನೀವು ಹಾಕ್ರೀ ಕೈ. ಬಾಯಲ್ಲಿ ಹೇಳೋದಲ್ಲ. ಹಾಕ್ರೀ!" ನಕ್ಕಿದ್ದ ಇಬ್ಬರೂ ಈಗ ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಅವನಿಗೆ ಸಿಟ್ಟು ಬಂತು, ಊಟದ ತಟ್ಟೆಯ ಮುಂದೆ ಬಂದದ್ದೇ ಸಿಟ್ಟು, ಆ ಮನುಷ್ಯನ್ನ ಒಂದು ಮಾತು ಕೇಳಿದ್ರಾ ಅನ್ನುವ ತಣ್ಣನೆಯ ದನಿಗೆ ತಟ್ಟೆ ತಳ್ಳಿ ಎದ್ದಾಗ ಬಂದದ್ದು, ರೂಮಿನವರೆಗೂ ಬೆನ್ನಟ್ಟಿ ಬಂದವಳು ಹೊಸ್ತಿಲಲ್ಲಿ ನಿಂತು, ಹೇಳಿ, ಯಾಕೆ ಕೇಳ್ಲಿಲ್ಲ ಹೇಳಿ, ಎಂದಾಗ ಬಂದದ್ದು.

"ಸಿಕ್ಕಿಸಿ ತಗಡು," ಅಂದ. ಬೇಡ, ಮರದ ತುಂಡು ಇಟ್ಟು ನೋಡೋಣ ಎಂದಳು ಇನ್ಸ್‌ಪೆಕ್ಟರಮ್ಮ. ಅವನು ಕೇಳಿಸಿಕೊಳ್ಳಲಿಲ್ಲ. ಮಾಲೀಕನ ಆಳು ತಗಡನ್ನು ಓರೆಯಾಗಿ ತುರುಕಿ ಪ್ರೆಸ್ಸು ಓಡಿಸಿದ. ತಲೆ ಅರ್ಧಕ್ಕೆ ಕಚ್ಚಿಕೊಂಡು ನಿಂತಿತು. ಹಳದಿ ಗುಂಡಿ ಒತ್ತಿದರು. ತಲೆ ನಿಧಾನವಾಗಿ ಮೇಲೆ ಹೋಯಿತು. ಅವನು ಅಂಗಿಯ ತೋಳು ಮೇಲೇರಿಸಿ ಎಡಗೈಯನ್ನು ಅಚ್ಚಿನೊಳಗೆ ಹಾಕಿ, ಸೊಟ್ಟಗಾದ ತಗಡನ್ನು ಹಿಡಿದ. ಕಬ್ಬಿಣ ತಣ್ಣಗಿತ್ತು. ಆಪರೇಟರನಿಗೆ ಬಲಗುಂಡಿ ತೋರಿಸಿ, "ಒತ್ತಿ," ಅಂದ. ಆಪರೇಟರ್ ಗುಂಡಿಯ ಹತ್ತಿರ ಬಂದು ನಿಂತ. ಅವನ ಬಲಗೈ ಗುಂಡಿಯಿಂದ ಗೇಣು ದೂರವಿತ್ತು. "ಬೇಡ ಸಾರ್. ಬರುತ್ತೆ." "ಬರಲ್ಲ. ಒತ್ತಿ." "ಬರುತ್ತೆ ಸಾರ್, ನಂಗೊತ್ತು." "ಒತ್ತೋ!" ಎಂದು ಅವನು ಕಿರುಚಿದ, ಶೆಡ್ಡೆಲ್ಲ ತುಂಬಿದ ಆ ದನಿ ಅಪ್ಪನದು, ಕೈಯೊಡ್ಡೋ ಎನ್ನುವಾಗಿನದು. ಆಪರೇಟರನ ದವಡೆ ಬಿಗಿಯಿತು. ಅವನ ಕಣ್ಣು ಇವನ ಮುಖದಿಂದ ಅಚ್ಚಿನೊಳಗಿನ ಕೈಗೆ ಇಳಿಯಿತು, ಐದು ಬೆರಳನ್ನೂ ಒಂದೊಂದಾಗಿ ನೋಡಿತು, ಮತ್ತೆ ಮುಖಕ್ಕೆ ಬಂತು.

ಆ ನೋಟ ಇವನಿಗೆ ಪರಿಚಯವಿತ್ತು. ಮುಖ, ಆಮೇಲೆ ಬೆರಳು, ಆಮೇಲೆ ಮುಖ. ತಾನೂ ಹೀಗೇ ನೋಡಿದ್ದ. ಬಾಗಿಲ ಸಂದಿನಲ್ಲಿ ಉಗುರುಗಳು ಬೆಳ್ಳಗೆ ಕಂಡಿದ್ದವು, ಚೌಕಟ್ಟನ್ನು ಒತ್ತಿ ಹಿಡಿದದ್ದಕ್ಕೆ ರಕ್ತ ಇಳಿದು ಬೆಳ್ಳಗಾಗಿದ್ದ ಉಗುರುಗಳು. ಇಲ್ಲ, ಕಂಡಿರಲಿಲ್ಲ. ಆ ಯೋಚನೆಯನ್ನು ಅವನು ಅಲ್ಲೇ ತುಳಿದ. ತುಳಿದ ಜಾಗದಲ್ಲಿ ಇನ್ನೊಂದು ಎದ್ದಿತು. ಮಾಮೂಲಿನ ದಾರಿಯ ಸಾಲು. ಅಲ್ಲಿ ಸಾಫ್ಟ್‌ವೇರು ಅವನ ಹೆಸರನ್ನು ಇಡಿಯಾಗಿ ತೋರಿಸಿರಲೇ ಇಲ್ಲ. 'ಎರಡೂಕೈಯ ಮೊದಲ ಬೈಟು ಇದ್ದರೆ, ಎರಡೂಕೈಯ ಮುಂದಿನ ಬೈಟೂ ಇದ್ದರೆ' ಎಂದು ಮುರಿದು ಮುರಿದು ತೋರಿಸಿತ್ತು. ಕಣ್ಣಿಗೆ ಬಿದ್ದಿತ್ತು. ಸಾಫ್ಟ್‌ವೇರಿನ ಹುಚ್ಚಾಟ ಎಂದು ದಾಟಿ ಹೋಗಿದ್ದ. ಅದು ಒಂದು ಖಾನೆಯಲ್ಲ. ಎರಡು. ಎಡಗುಂಡಿಗೊಂದು, ಬಲಗುಂಡಿಗೊಂದು, ಅಕ್ಕಪಕ್ಕ. ಮಾಮೂಲಿನ ದಾರಿ ಎರಡು ಖಾನೆಗಳನ್ನೂ ಬೇರೆ ಬೇರೆ ತೆರೆದು ನೋಡುತ್ತದೆ. ಹಳದಿ ಗುಂಡಿಯ ದಾರಿ ಎರಡನ್ನೂ ಒಟ್ಟಿಗೆ ಎಳೆದು, ಬರಿದಾಗಿದೆಯೇ ಇಲ್ಲವೇ ಎಂದಷ್ಟೇ ನೋಡುತ್ತದೆ. ಒಂದರಲ್ಲಿ ಏನಾದರೂ ಇದ್ದರೆ ಸಾಕು, ಬರಿದಲ್ಲ. ಒಂದು ಕೈ ಸಾಕು. ಎರಡೂ ಕೈ ಎಂದು ಯಂತ್ರ ಎಲ್ಲೂ ಹೇಳಿರಲಿಲ್ಲ. ಹೇಳಿದ್ದು ಇವನು, ಹೇಳಿ, ತಾನು ಹೇಳಿದ್ದನ್ನೇ ಓದಿ ನಂಬಿದ್ದ. ತಲೆಯ ಮೇಲಿನ ಕಬ್ಬಿಣದ ಭಾರವೆಲ್ಲ ಅವನ ಬೆನ್ನಹುರಿಯಲ್ಲಿ ಬಂದು ಕೂತಿತು. ಕೈ ತೆಗೆಯಬೇಕೆಂದರೆ ಬೆರಳುಗಳು ತಗಡನ್ನು ಬಿಡಲೊಲ್ಲವು. ಗುಂಡಿಯ ಮೇಲೆ ಗೇಣು ದೂರದಲ್ಲಿ ಆ ಇನ್ನೊಬ್ಬನ ಅಂಗೈ. ಅವನ ಜಾಗದಲ್ಲಿ ನಾನಿದ್ದಿದ್ದರೆ, ಎಂದು ಇವನು ಯೋಚಿಸಿದ, ನಾನು ಒತ್ತುತ್ತಿದ್ದೆ.

"ಕೈ ತೆಗೀರಿ ಸಾರ್," ಅಂದ ಆಪರೇಟರ್, ಮೆತ್ತಗೆ, ಮಗುವಿಗೆ ಹೇಳುವ ಹಾಗೆ. ಇವನು ತೆಗೆಯಲಾರದೆ ನಿಂತದ್ದನ್ನು ನೋಡಿ, ಹತ್ತಿರ ಬಂದು, ತನ್ನ ಒಂದೇ ಕೈಯಿಂದ ಇವನ ಮೊಣಕೈ ಹಿಡಿದು ಹೊರಗೆಳೆದ. ನಂತರ ಹಿಂದಕ್ಕೆ ಹೋಗಿ, ಬಲಗುಂಡಿಯ ಮೇಲೆ ಅಂಗೈ ಊರಿದ. ತಲೆ ಧಡ್ ಎಂದು ಇಳಿಯಿತು. ಒಳಗಿದ್ದ ತಗಡು ಕಾಗದದ ಹಾಗೆ ಮುದ್ದೆಯಾಗಿ ಹೊರಗೆ ಬಿತ್ತು. "ಅವತ್ತೂ ಹಿಂಗೇ ಬಂದಿದ್ದು," ಅಂದ ಆಪರೇಟರ್. ಅಕ್ಕ ಗೋಡೆಗೆ ಆನಿಕೊಂಡು ಬಾಯಿಗೆ ಸೆರಗು ತುರುಕಿಕೊಂಡಳು. ಮಾಲೀಕ ಏನೋ ಹೇಳಹೊರಟ. ಇನ್ಸ್‌ಪೆಕ್ಟರಮ್ಮ ಅವನ ಕಡೆ ತಿರುಗದೆಯೇ, "ಈ ಸ್ವಿಚ್ಚು ತೆಗೀರಿ, ಇನ್ನು ಯಾರೂ ಇದನ್ನ ಮುಟ್ಟಕೂಡದು," ಅಂದಳು. ಆಮೇಲೆ ಇವನಿಗೆ, "ನಿಮ್ಮ ಪರದೆ?" ಅಂದಳು. ಅವನು ಡ್ರಮ್ಮಿನ ಮುಂದೆ ನಿಂತು, ಎಲ್ಲರ ಎದುರಿಗೆ, ಆ ಖಾನೆಯನ್ನು ಎರಡಾಗಿ ಸೀಳಿದ. ಎಡಗುಂಡಿ, ಬಲಗುಂಡಿ. ಪರದೆ ಮಿಟುಕಿತು. ಮಾಮೂಲಿನ ದಾರಿಯ ಮುರುಕು ಸಾಲು ಕೂಡಿಕೊಂಡು ನೆಟ್ಟಗಾಯಿತು, ನೆಟ್ಟಗಿದ್ದ ಎರಡನೆಯ ದಾರಿ ತನ್ನ ನಿಜ ತೋರಿಸಿತು. ಖುಷಿ ಆಗಲಿಲ್ಲ. ಹೊರಡುವಾಗ ಆಪರೇಟರನ ಹತ್ತಿರ ಹೋಗಿ ಏನಾದರೂ ಹೇಳಬೇಕೆಂದುಕೊಂಡ. ಅವನು ಮುದ್ದೆಯಾದ ತಗಡನ್ನು ಎತ್ತಿ ಗುಜರಿಯ ಡಬ್ಬಕ್ಕೆ ಹಾಕುತ್ತಿದ್ದ, ಅಭ್ಯಾಸ.

ಸಂಜೆ ಕ್ಲಿನಿಕ್ಕಿಗೆ ನಡೆದೇ ಹೋದರು. ಅವಳು ಅವನ ಎಡಕ್ಕೆ ಬರದೆ ಬಲಕ್ಕೆ ಬಂದಳು, ಪಟ್ಟಿಯ ಕೈ ಅವನಿಂದ ದೂರ ಇರುವಂತೆ. "ಇವತ್ತು ಆ ಪ್ರೆಸ್ಸು ಒಂದೇ ಕೈಗೆ ಬಂತು," ಅಂದ. "ಹೌದಾ," ಅಂದಳು. ಸ್ವಲ್ಪ ದೂರ ನಡೆದ ಮೇಲೆ, "ಯಾರ ಕೈಯಾದ್ರೂ ಇತ್ತಾ ಒಳಗೆ?" ಎಂದು ಕೇಳಿದಳು. "ನಂದಿತ್ತು. ಅವನೇ ತೆಗೆಸಿದ. ಆಮೇಲೆ ಒತ್ತಿದ." ಅವನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದ. ಗಾಳಿಯಲ್ಲ ಡಾಕ್ಟ್ರೇ, ನಾನೇ ಬಾಗಿಲು ಎಳ್ಕೊಂಡೆ, ಕೈ ಇದ್ದದ್ದು ನೋಡ್ಲಿಲ್ಲ. ಹೇಳಿಬಿಡುತ್ತೇನೆ. ಅವಳ ಎದುರಿಗೇ ಹೇಳುತ್ತೇನೆ. ನೋಡ್ಲಿಲ್ಲ ಅನ್ನುವ ಮಾತನ್ನು ಎಲ್ಲಿ ಇಟ್ಟರೆ ಚೆನ್ನಾಗಿ ಕೂರುತ್ತದೆ ಎಂದು ಹಿಂದೆ ಮುಂದೆ ಮಾಡಿ ನೋಡಿದ. ವಾಕ್ಯ ಸರಾಗವಾಗಿ ಓದಿಸಿಕೊಂಡಿತು, ಎದೆ ಆಗಲೇ ಸ್ವಲ್ಪ ಹಗುರವಾಯಿತು.

ಡಾಕ್ಟರು ಕತ್ತರಿಯಲ್ಲಿ ಪಟ್ಟಿ ಬಿಡಿಸುತ್ತ ಹೋದರು. ಒಳಗಿಂದ ಬೆರಳುಗಳು ಬಂದವು, ನೀಲಿಯೂ ಹಳದಿಯೂ ಆಗಿ ಊದಿದ್ದವು, ನಡುಬೆರಳಿಗೆ ಉಗುರಿರಲಿಲ್ಲ. ಅವನು ಮೊದಲ ಸಲ ಕಣ್ಣಿಟ್ಟು ನೋಡಿದ. "ಎಂಥಾ ಗಾಳಿನಮ್ಮಾ ನಿಮ್ಮನೇಲಿ," ಎಂದು ಡಾಕ್ಟರು ನಕ್ಕರು, "ಮೂರು ಮೂಳೆ ಮುರಿಯೋ ಅಂಥದ್ದು?" ಅವನು ಗಂಟಲು ಸರಿಮಾಡಿಕೊಂಡ.

"ಗಾಳಿ ಅಲ್ಲ ಡಾಕ್ಟ್ರೇ," ಅಂದಳು ಹೆಂಡತಿ. "ಇವರು."

ಕತ್ತರಿ ನಿಂತಿತು.

"ನೋಡ್ಲಿಲ್ಲ ಅಂತ ಹೇಳ್ತಾರೆ ಈಗ. ನೋಡಿದ್ರು. ಮೊದಲು ನನ್ನ ಮುಖ ನೋಡಿದ್ರು, ಆಮೇಲೆ ಕೈ ನೋಡಿದ್ರು, ಆಮೇಲೆ ಎಳೆದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೆರಳುಗಳನ್ನು ಮೇಜಿನ ಮೇಲೆ ಹಾಗೇ ಚಾಚಿಟ್ಟುಕೊಂಡು, ಒಂದೊಂದೇ ಮಾತನ್ನು ಅದರದರ ಜಾಗದಲ್ಲಿಟ್ಟ ಹಾಗೆ ಹೇಳಿದಳು. ಅವನು ಜೋಡಿಸಿಟ್ಟುಕೊಂಡಿದ್ದ ವಾಕ್ಯ ಬಾಯೊಳಗೇ ಉಳಿಯಿತು. ಅದರಲ್ಲಿ ನಿಜ ಅರ್ಧ ಮಾತ್ರ ಇತ್ತು, ಅದು ಅವನಿಗೆ ದಾರಿಯಲ್ಲೇ ಗೊತ್ತಿತ್ತು. ಉಗುರು ಬೆಳ್ಳಗಿತ್ತು. ಕಂಡಿತ್ತು.

ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. "ನೀವು ಹೊರಗೆ ಕೂತ್ಕೊಳ್ಳಿ," ಅಂದರು.

ಅವನು ಎದ್ದು ಹೊರಗೆ ಬಂದ. ಕಾಯುವವರ ಬೆಂಚಿನ ಮೇಲೆ ಕೂತಿದ್ದವರು ತಲೆಯೆತ್ತಿ ನೋಡಿದರು. ಬಾಗಿಲು ಹಾಕಲು ಕೈ ಹಿಡಿಕೆಯ ಕಡೆ ಹೋಯಿತು.

"ಬಿಡಿ," ಅಂದಳು ಹೆಂಡತಿ ಒಳಗಿಂದ ಎದ್ದು ಬಂದು, "ನಾನೇ ಹಾಕ್ಕೋತೀನಿ."

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಕಾದಳು. ಆಮೇಲೆ ಎಡಗೈಯಲ್ಲಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು.